ಬೆವರಿನ ಸಾಗರಕ್ಕೆ ಒಂದು ಸುತ್ತು

ನೀರು ಕಂಡಲ್ಲಿ ಅದರ ಸುತ್ತ ಒಂದು ಸುತ್ತು ಹಾಕಬೇಕೆನಿಸುವುದು ಮನುಷ್ಯನ ಹಳೆಯ ಅಭ್ಯಾಸ. ಊರ ಕೆರೆಯ ಏರಿಯ ಮೇಲೆ ಸಂಜೆ ಕಾಲಾಡಿಸುವ ಹಿರಿಯರು, ಸಕ್ಕರೆ ಕಾಯಿಲೆಗೆ ಹೆದರಿ ಬೆಳಗಿನ ಜಾವ ಬಿರುಸಾಗಿ ನಡೆಯುವ ನೌಕರರು, ರಜೆಯ ದಿನ ಮಕ್ಕಳನ್ನು ಕಟ್ಟಿಕೊಂಡು ಹಿನ್ನೀರು ನೋಡಲು ಬರುವ ಸಂಸಾರಗಳು, ಎಲ್ಲರಿಗೂ ನೀರಿನ ಅಂಚೇ ಬೇಕು. ಈ ನಡಿಗೆಯಲ್ಲಿ ಏರುದಾರಿಯ ಏದುಸಿರಿಲ್ಲ, ದಾರಿ ತಪ್ಪುವ ಭಯವಿಲ್ಲ. ನೀರನ್ನು ಒಂದು ಬದಿಗೆ ಇಟ್ಟುಕೊಂಡು ಹೊರಟರೆ ಸಾಕು, ಹೊರಟ ಜಾಗಕ್ಕೇ ಬಂದು ಮುಟ್ಟುತ್ತೇವೆ.

ಸುತ್ತು ಹಾಕುವ ಕ್ರಿಯೆಗೆ ನಮ್ಮ ಬದುಕಿನಲ್ಲಿ ಹಲವು ಅರ್ಥಗಳಿವೆ. ಕಣದ ಮೇಟಿಯ ಸುತ್ತ ಎತ್ತುಗಳು ತಿರುಗಿದರೆ ತೆನೆಯಿಂದ ಕಾಳು ಬಿಡುತ್ತದೆ. ಗಾಣ ತಿರುಗಿದರೆ ಎಣ್ಣೆ ಇಳಿಯುತ್ತದೆ. ಗುಡಿಯ ಪ್ರದಕ್ಷಿಣೆಯಾಗಲಿ ಕಾಬಾದ ತವಾಫ್ ಆಗಲಿ, ಸುತ್ತುವವನು ತನ್ನನ್ನು ನಡುವಿನಿಂದ ಅಂಚಿಗೆ ಸರಿಸಿಕೊಳ್ಳುತ್ತಾನೆ. ತನಗಿಂತ ದೊಡ್ಡದೊಂದು ನಡುವೆ ಇದೆಯೆಂದು ಕಾಲಿನಿಂದಲೇ ಒಪ್ಪಿಕೊಳ್ಳುತ್ತಾನೆ. ಆದರೆ ಜಲಾಶಯದ ಸುತ್ತ ಹಾಯಾಗಿ ನಡೆಯುವ ನಾವು ಕಾಳು ಬಿಡಿಸುವುದಿಲ್ಲ, ಯಾವ ಹರಕೆಯನ್ನೂ ತೀರಿಸುವುದಿಲ್ಲ. ಹಾಗಾದರೆ ಈ ನಡಿಗೆಯ ನಡುವೆ ಏನಿದೆ? ನಮ್ಮ ಕಾಲಿಗೆ ಈ ಸುಖವನ್ನು ಕೊಟ್ಟವರು ಯಾರು? ಅವರಿಗೆ ನಾವು ಏನಾದರೂ ಸಲ್ಲಿಸಬೇಕೇ, ಬೇಡವೇ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಚಿಕ್ಕಪಡಸಲಗಿಗಿಂತ ತಕ್ಕ ಜಾಗ ನಮ್ಮ ನಾಡಿನಲ್ಲಿ ಇನ್ನೊಂದಿರಲಾರದು. ಜಮಖಂಡಿ ತಾಲ್ಲೂಕಿನ ಈ ಊರಿನ ಬಳಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. ಬೇರೆ ಅಣೆಕಟ್ಟುಗಳ ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮೈಸೂರು ಸೀಮೆಯಲ್ಲಿ ಕೃಷ್ಣರಾಜಸಾಗರ ರಾಜನ ಹೆಸರಿನದು, ವಾಣಿವಿಲಾಸ ಸಾಗರ ರಾಣಿಯದು. ಮಲಪ್ರಭೆಯ ರೇಣುಕಾಸಾಗರ ದೇವಿಯದು. ಆಲಮಟ್ಟಿಯದು ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ, ನಾರಾಯಣಪುರದ್ದು ಬಸವಸಾಗರ. ವಿಜಾಪುರದ ಆದಿಲ್‌ಶಾಹಿಗಳು ಕಟ್ಟಿಸಿದ ತಾಜ್ ಬಾವಡಿ, ಬೇಗಂ ತಾಲಾಬ್‌ಗಳೂ ಅರಮನೆಯ ಹೆಣ್ಣುಮಕ್ಕಳನ್ನು ನೆನೆಯುತ್ತವೆ. ಈ ಸಾಲಿನಲ್ಲಿ ಚಿಕ್ಕಪಡಸಲಗಿಯ ಹೆಸರು ಬೇರೆಯಾಗಿ ನಿಲ್ಲುತ್ತದೆ. ಅದು ‘ಶ್ರಮಬಿಂದು ಸಾಗರ’. ರಾಜನದಲ್ಲ, ದೇವರದಲ್ಲ, ಬೆವರ ಹನಿಯ ಹೆಸರು.

ಈ ಹೆಸರು ಅಲಂಕಾರಕ್ಕೆ ಇಟ್ಟದ್ದಲ್ಲ. ಕೃಷ್ಣೆ ಮಳೆಗಾಲದಲ್ಲಿ ದಡ ಮೀರಿ ಹರಿದರೂ ಬೇಸಿಗೆಯಲ್ಲಿ ಬತ್ತಿ ಮರಳಾಗುತ್ತಿದ್ದಳು. ನದಿಯ ದಡದಲ್ಲೇ ಹೊಲವಿದ್ದವರು ಬಿಸಿಲುಗಾಲದಲ್ಲಿ ಆಕಾಶ ನೋಡುವ ಸ್ಥಿತಿ ಇತ್ತು. ಸರ್ಕಾರಕ್ಕೆ ಮನವಿ ಕೊಟ್ಟು ಕೊಟ್ಟು ಬೇಸತ್ತ ರೈತರು ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ಒಂದಾದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು. ತಮ್ಮ ತಮ್ಮಲ್ಲೇ ಹಣ ಕೂಡಿಸಿ, ಮೈ ಬಗ್ಗಿಸಿ ದುಡಿದು, ಸರ್ಕಾರದ ಬೊಕ್ಕಸಕ್ಕೆ ಕೈಯೊಡ್ಡದೆ 1989ರಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಜನ ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಲ್ಲಿ ಅವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಮುಂದೆ ಅವರು ಕೇಂದ್ರದಲ್ಲಿ ರಾಜ್ಯ ಸಚಿವರೂ, ಜಮಖಂಡಿಯ ಶಾಸಕರೂ ಆದರು. 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಈ ಬ್ಯಾರೇಜನ್ನು ದೇಶದ ಮೊದಲ ‘ಖಾಸಗಿ’ ಬ್ಯಾರೇಜು ಎಂದು ಹೊಗಳುವ ರೂಢಿಯಿದೆ. ನಮಗೆ ಈ ಪದ ಒಪ್ಪಿಗೆಯಾಗುವುದಿಲ್ಲ. ಸಿದ್ದು ನ್ಯಾಮಗೌಡರು ಲೋಕಸಭೆಗೆ ಹೋದ ವರ್ಷವೇ ದೇಶದ ಆರ್ಥಿಕತೆಯ ಬಾಗಿಲು ತೆರೆಯಿತು. ಅಲ್ಲಿಂದೀಚೆಗೆ ಖಾಸಗಿ ಎಂದರೆ ಕಂಪನಿ, ಲಾಭ, ಷೇರು ಎಂಬ ಅರ್ಥವೇ ಗಟ್ಟಿಯಾಯಿತು. ಸರ್ಕಾರದ್ದಲ್ಲದ್ದೆಲ್ಲ ಖಾಸಗಿ, ಖಾಸಗಿಯಲ್ಲದ್ದೆಲ್ಲ ಸರ್ಕಾರದ್ದು ಎಂದು ಭಾವಿಸಿದ ನಾವು ಇವೆರಡರ ನಡುವೆ ಇರುವ ಮೂರನೆಯದನ್ನು ಮರೆತೆವು. ಅದು ಊರಿನದು. ಕೆರೆ, ಗೋಮಾಳ, ಸಂತೆಯ ಬಯಲು, ಗೋರಿಸ್ಥಾನ, ಸ್ಮಶಾನ ಇವೆಲ್ಲ ಆ ಮೂರನೆಯ ಜಾತಿಗೆ ಸೇರಿದವು. ಶ್ರಮಬಿಂದು ಸಾಗರವೂ ಅದೇ ಜಾತಿಯದು. ಅದನ್ನು ಕಂಪನಿಯ ಸಾಹಸದ ಪಟ್ಟಿಗೆ ಸೇರಿಸಿದರೆ ಅದರ ತಿರುಳನ್ನೇ ತೆಗೆದುಹಾಕಿದಂತೆ.

ಸರಿ, ಇಲ್ಲಿ ಒಂದು ಸುತ್ತು ಹೋಗೋಣವೆಂದು ಹೊರಟರೆ ಏನಾಗುತ್ತದೆ? ದಡದ ಉದ್ದಕ್ಕೂ ಕಪ್ಪು ಮಣ್ಣು, ಕಬ್ಬಿನ ತೋಟ, ಜಾಕ್‌ವೆಲ್ಲುಗಳು, ನೀರಿಗೆ ಬಾಯಿಟ್ಟ ಪೈಪುಗಳು, ಮೋಟಾರಿನ ಗುಂಯ್ ಸದ್ದು. ಕಾಲಿಗೆ ತೊಂದರೆಯಿಲ್ಲದ ಸಮತಟ್ಟು ದಾರಿ. ಆದರೆ ಎಷ್ಟು ನಡೆದರೂ ಸುತ್ತು ಮಾತ್ರ ಕೂಡುವುದಿಲ್ಲ. ಕೆರೆಗೆ ಇರುವಂತೆ ಇದಕ್ಕೆ ಪರಿಧಿ ಇಲ್ಲ. ಇದು ತಡೆದು ನಿಲ್ಲಿಸಿದ ನದಿ. ಮೇಲಕ್ಕೆ ನಡೆದರೆ ಹಿಪ್ಪರಗಿಯ ಬ್ಯಾರೇಜು, ಅದಕ್ಕೂ ಮೇಲೆ ಮಹಾರಾಷ್ಟ್ರ, ಕೊನೆಗೆ ಮಹಾಬಳೇಶ್ವರದ ಗುಡ್ಡ. ಕೆಳಕ್ಕೆ ನಡೆದರೆ ಆಲಮಟ್ಟಿಯ ಹಿನ್ನೀರು. ಬ್ಯಾರೇಜು ದಾಟಿ ಆಚೆ ದಡ ಮುಟ್ಟಿ ಒಂದಷ್ಟು ದೂರ ಹೋಗಿ ಬರಬಹುದು, ಆದರೆ ಅದು ನೀರಿನ ಸುತ್ತಲ್ಲ, ನಮ್ಮ ಅನುಕೂಲದ ಸುತ್ತು.

ವಿಚಾರ ಮಾಡಿದರೆ ಯಾವ ಜಲಾಶಯದ ಸುತ್ತೂ ನಿಜವಾಗಿ ಮುಗಿಯುವುದಿಲ್ಲ. ನೀರು ಎಲ್ಲಿಂದಲೋ ಬಂದಿರುತ್ತದೆ, ಎಲ್ಲಿಗೋ ಹೋಗುತ್ತದೆ. ನಾವು ನಡೆದ ಮೂರು ಮೈಲಿಯೊಳಗೆ ಅದರ ಕತೆ ಅಡಗುವುದಿಲ್ಲ. ಸುತ್ತು ಮುಗಿಯಿತೆಂಬ ತೃಪ್ತಿಯೇ ನಮ್ಮನ್ನು ಮೋಸಗೊಳಿಸುತ್ತದೆ. ನೋಡಬೇಕಾದದ್ದನ್ನೆಲ್ಲ ನೋಡಿದೆವು, ಇನ್ನು ಮನೆಗೆ ಹೋಗಬಹುದು ಎನ್ನಿಸಿಬಿಡುತ್ತದೆ.

ಚಿಕ್ಕಪಡಸಲಗಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ನೀರೇ ಸುತ್ತು ಹಾಕುತ್ತದೆ. ಮಳೆಗಾಲ ಮುಗಿದು ಹರಿವು ನಿಂತು ಬ್ಯಾರೇಜಿನ ನೀರು ಇಳಿಯತೊಡಗಿದಾಗ ರೈತರು ಕೆಳಗಿನ ಆಲಮಟ್ಟಿ ಹಿನ್ನೀರಿನಿಂದ ಪಂಪು ಹಚ್ಚಿ ನೀರನ್ನು ಮೇಲಕ್ಕೆತ್ತಿ ತಮ್ಮ ಸಾಗರಕ್ಕೆ ತುಂಬಿಸಿಕೊಂಡಿದ್ದಾರೆ. ಕೆಳಗೆ ಹರಿದುಹೋದ ಕೃಷ್ಣೆಯನ್ನು ಅವಳ ಹರಿವಿಗೆ ಎದುರಾಗಿ ಮರಳಿ ಕರೆತರುವ ಕೆಲಸ ಇದು. ಅದಕ್ಕೂ ರೈತರೇ ವಂತಿಗೆ ಕೂಡಿಸಿದ್ದಾರೆ. ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವಂಥ ಸಾಗರ ಇದಲ್ಲ, ವರ್ಷ ವರ್ಷವೂ ಬೆವರು ಕೇಳುವಂಥದ್ದು. ದಡದಲ್ಲಿ ನಿಂತವರಿಗೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಎಷ್ಟು ದುಡಿಮೆ ನಿಂತಿದೆ ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ.

ಇಲ್ಲಿಂದ ನಮ್ಮ ಮೊದಲ ನೈತಿಕ ಪ್ರಶ್ನೆ ಏಳುತ್ತದೆ. ಬೆವರು ಸುರಿಸಿದವರಿಗೆ ನೀರಿನ ಮೇಲೆ ಹೆಚ್ಚಿನ ಹಕ್ಕು ಇದೆಯೇ? ಇದೆ ಎನ್ನುವುದು ಸಹಜ ನ್ಯಾಯ. ದುಡಿದವನ ಬಾಯಿಗೆ ಮೊದಲ ತುತ್ತು ಹೋಗಬೇಕು. ದಡದ ಮೇಲೆ ಸುಮ್ಮನೆ ಕುಳಿತಿದ್ದವನು ಬಂದು ಸಮಪಾಲು ಕೇಳಿದರೆ ಮುಂದಿನ ಸಲ ಯಾರೂ ಕಲ್ಲು ಹೊರಲು ಬರುವುದಿಲ್ಲ. ಆದರೆ ಈ ನ್ಯಾಯವನ್ನು ಇನ್ನೂ ಸ್ವಲ್ಪ ಎಳೆದು ನೋಡಿದರೆ ತೊಡಕು ಎದುರಾಗುತ್ತದೆ. ನೀರಾವರಿಯ ನೀರು ಬೆವರು ನೋಡಿ ಹರಿಯುವುದಿಲ್ಲ, ಉತಾರ ನೋಡಿ ಹರಿಯುತ್ತದೆ. ಯಾರ ಹೆಸರಿನಲ್ಲಿ ಭೂಮಿ ಇದೆಯೋ ಅವರ ಪೈಪಿಗೆ ನೀರು ಬರುತ್ತದೆ. ಇಂಥ ಯಾವುದೇ ಕಟ್ಟಡದಲ್ಲಿ ಬುಟ್ಟಿ ಹೊರುವವರಲ್ಲಿ ಭೂಮಿ ಇಲ್ಲದವರಿರುತ್ತಾರೆ, ಹೆಂಗಸರಿರುತ್ತಾರೆ. ಅವರ ಬೆವರೂ ಗಾರೆಯಲ್ಲಿ ಕಲೆತಿರುತ್ತದೆ. ಅವರ ಪಾಲಿಗೆ ಬಂದದ್ದು ಆ ದಿನದ ಕೂಲಿ, ಹೆಚ್ಚೆಂದರೆ ಮುಂದೆ ಕಬ್ಬಿನ ಹೊಲದಲ್ಲಿ ಸಿಗುವ ಇನ್ನಷ್ಟು ಕೂಲಿ. ಸುಗ್ಗಿಯಲ್ಲಿ ದೂರದ ತಾಂಡಾಗಳಿಂದ ಕಬ್ಬು ಕಡಿಯಲು ಬರುವ ಗ್ಯಾಂಗುಗಳು ಇದೇ ನೀರಿನ ಬೆಳೆಯನ್ನು ಕಡಿದು, ಲೋಡು ಮಾಡಿ, ಗುಡಿಸಲು ಕಿತ್ತುಕೊಂಡು ಮುಂದೆ ಹೋಗುತ್ತವೆ. ಬೆವರೇ ಹಕ್ಕಿನ ಮೂಲ ಎಂದು ಒಪ್ಪಿದ ಮೇಲೆ ಭೂಮಿಯಿದ್ದವನ ಬೆವರು ಮಾತ್ರ ಬೆವರು ಎನ್ನಲಾಗದು.

ಈ ಸೀಮೆಯ ಮಹಾಕವಿ ರನ್ನ. ಮುಧೋಳದ ಬೆಳುಗಲಿಯ ಬಳೆಗಾರರ ಮನೆಯಲ್ಲಿ ಹತ್ತನೆಯ ಶತಮಾನದಲ್ಲಿ ಹುಟ್ಟಿದವನು. ಅವನ ‘ಗದಾಯುದ್ಧ’ದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿಕೊಳ್ಳುತ್ತಾನೆ. ದಡದಲ್ಲಿ ನಿಂತ ಭೀಮನ ಗರ್ಜನೆ ಕೇಳಿ ಅವನು ನೀರಿನೊಳಗಿದ್ದೂ ಬೆವರುತ್ತಾನೆ. ಸಾವಿರ ವರ್ಷಗಳ ಹಿಂದೆ ಈ ನೆಲದ ಕವಿ ಸರೋವರದೊಳಗಿನ ಬೆವರನ್ನು ಕಂಡ. ಸಾವಿರ ವರ್ಷದ ಮೇಲೆ ಅದೇ ನೆಲದ ಜನ ಬೆವರಿನಿಂದಲೇ ಒಂದು ಸಾಗರ ಮಾಡಿದರು. ಎರಡೂ ಬೆವರೇ. ಆದರೆ ಒಂದು, ದಾಯಾದಿಗಳಿಗೆ ಸೂಜಿಮೊನೆಯಷ್ಟು ನೆಲವನ್ನೂ ಹಂಚಲಾರೆನೆಂದವನ ಬೆವರು. ಅವನನ್ನು ಇಡೀ ಸರೋವರವೂ ತಂಪು ಮಾಡಲಾರದಾಯಿತು. ಇನ್ನೊಂದು, ಹಂಚಿಕೊಳ್ಳಲೆಂದೇ ಕೂಡಿ ದುಡಿದವರದು. ಶ್ರಮಬಿಂದು ಸಾಗರದ ನೀರು ಮುಂದೆ ಯಾವ ಬೆವರಿನ ಹೆಸರು ಹೊರುತ್ತದೆ ಎಂಬುದು ಅದನ್ನು ಬಳಸುವವರ ಕೈಯಲ್ಲಿದೆ.

ಏಕೆಂದರೆ ದುಡಿದು ಗಳಿಸಿದ ಹಕ್ಕು ಹಾಳುಮಾಡುವ ಹಕ್ಕಾಗುವುದಿಲ್ಲ. ಕೃಷ್ಣಾ, ಘಟಪ್ರಭಾ ದಡದ ಕಪ್ಪು ಮಣ್ಣಿಗೆ ಮಿತಿಮೀರಿ ನೀರುಣಿಸಿದಲ್ಲಿ ಏನಾಯಿತೆಂಬುದನ್ನು ಜಮಖಂಡಿ, ಮುಧೋಳ, ಅಥಣಿಯ ಕಡೆಯ ಸವಳು ಜವಳು ಹೊಲಗಳು ಹೇಳುತ್ತವೆ. ನೀರು ಬಸಿದು ಹೋಗಲಾರದೆ ಕೆಳಗಿನ ಉಪ್ಪು ಮೇಲೆ ಬಂದು ಭೂಮಿ ಬೆಳ್ಳಗಾಗುತ್ತದೆ, ಬೀಜ ಮೊಳೆಯುವುದಿಲ್ಲ. ನೀರಿಲ್ಲದೆ ಬರಡಾಗಿದ್ದ ನೆಲ ನೀರಿನಿಂದಲೇ ಬರಡಾಗುವುದು ಎಂಥ ವಿಪರ್ಯಾಸ! ವರ್ಷವಿಡೀ ನೀರು ಬೇಡುವ ಕಬ್ಬು ಒಂದನ್ನೇ ನಂಬಿ, ಪಂಪು ಚಾಲೂ ಮಾಡಿ ಮನೆಯಲ್ಲಿ ಮಲಗಿದರೆ ಅಪ್ಪನ ಬೆವರನ್ನು ಮಗ ಉಪ್ಪಾಗಿಸಿದಂತೆ. ಹರಿಯುವ ನದಿಯ ದಡದಲ್ಲಿ ಕುಳಿತು ವುಜೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂದು ಪ್ರವಾದಿಯವರು ತಿಳಿಹೇಳಿದ್ದನ್ನು ನಮ್ಮ ಹಿರಿಯರು ನೆನಪಿಸುತ್ತಿದ್ದರು. ಇದೇ ಕೃಷ್ಣೆಯ ಕೆಳಹರಿವಿನಲ್ಲಿ, ಮಲಪ್ರಭೆ ಬಂದು ಸೇರುವ ಕೂಡಲಸಂಗಮದಲ್ಲಿ ಐಕ್ಯನಾದ ಬಸವಣ್ಣನ ಪರಂಪರೆಯೂ ಕಾಯಕದ ಜೊತೆಗೆ ದಾಸೋಹವನ್ನು ಬಿಡದೆ ಹೇಳಿತು. ದುಡಿದದ್ದು ನಿನ್ನದು, ಆದರೆ ನಿನಗೊಬ್ಬನಿಗಲ್ಲ ಎಂಬ ತಿಳಿವು ಎರಡರಲ್ಲೂ ಇದೆ. ಅದನ್ನು ಒಪ್ಪಲು ಯಾರೂ ತಮ್ಮ ಧರ್ಮ ಬಿಡಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಪ್ರಭುತ್ವಕ್ಕೆ ಸಂಬಂಧಿಸಿದ್ದು. ಜನರೇ ಬ್ಯಾರೇಜು ಕಟ್ಟಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟಬೇಕಾದದ್ದೇ. ಆದರೆ ಆ ಚಪ್ಪಾಳೆಯ ಸದ್ದಿನಲ್ಲಿ ಒಂದು ಪ್ರಶ್ನೆ ಮುಳುಗಿಹೋಗುತ್ತದೆ. ರೈತರ ಮನವಿಗೆ ಕಿವಿಗೊಡಬೇಕಾಗಿದ್ದವರು ಕಿವಿಗೊಡಲಿಲ್ಲ ಎಂಬುದು ಈ ಸಾಧನೆಯ ಇನ್ನೊಂದು ಮುಖ. ಶ್ರಮದಾನವನ್ನು ಕೊಂಡಾಡುವ ಭಾಷಣಗಳಲ್ಲಿ ಹಲವು ಸಲ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ, ನಮ್ಮನ್ನು ಕೇಳಬೇಡಿ ಎಂಬ ಸಂದೇಶ ಅಡಗಿರುತ್ತದೆ. ಹಣ ಕೂಡಿಸಬಲ್ಲ ಊರು ಬ್ಯಾರೇಜು ಕಟ್ಟಿಕೊಳ್ಳುತ್ತದೆ. ಹೊಟ್ಟೆಗೇ ಇಲ್ಲದ ಊರು ಏನು ಕೂಡಿಸೀತು? ಜನಶಕ್ತಿ ಪ್ರಭುತ್ವದ ಹೊಣೆಗೆ ಬದಲಿಯಾಗಬಾರದು. ಅದು ಪ್ರಭುತ್ವವನ್ನು ನಾಚಿಸಬೇಕು, ಎಚ್ಚರಿಸಬೇಕು. 1991ರಲ್ಲಿ ಬಾಗಲಕೋಟೆಯ ಮತದಾರರು ಮಾಡಿದ್ದು ಅದೇ ಎಂದು ನಮಗೆ ತೋರುತ್ತದೆ. ಮಾತಿನ ಚತುರನನ್ನು ಬಿಟ್ಟು ಕೆಸರಿನಲ್ಲಿ ನಿಂತವನನ್ನು ಅವರು ಆರಿಸಿಕೊಂಡರು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಬಾಯಲ್ಲಿ ಉಳಿದುಬಂದ ‘ಕೆರೆಗೆ ಹಾರ’ದ ಕತೆ ಎಲ್ಲರಿಗೂ ಗೊತ್ತಿದೆ. ಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಬಲಿ ಬೇಕೆಂಬ ಮಾತು ಬರುತ್ತದೆ. ಲೆಕ್ಕ ಹಾಕಿ ಹಾಕಿ ಕೊನೆಗೆ ಮನೆಯ ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅವಳ ಮಾತಿಗೆ ಬೆಲೆ ಕಡಿಮೆ ಎಂಬುದೇ ಆಯ್ಕೆಯ ಕಾರಣ. ಚಿಕ್ಕಪಡಸಲಗಿಯ ಹಿರಿಮೆ ಇಲ್ಲಿದೆ: ಅಲ್ಲಿ ಊರವರೆಲ್ಲ ಸ್ವಲ್ಪ ಸ್ವಲ್ಪ ಭಾರವನ್ನು ಹಂಚಿಕೊಂಡರು. ಒಬ್ಬಳನ್ನು ನೀರಿಗೆ ಕೊಡುವ ಬದಲು ಎಲ್ಲರೂ ತಮ್ಮ ಬೆವರು ಕೊಟ್ಟರು.

ಆದರೆ ಅಲ್ಲಿಂದ ಕೆಳಗೆ ನಡೆದರೆ ಭಾಗೀರಥಿಯ ಕತೆ ಮತ್ತೆ ಎದುರಾಗುತ್ತದೆ. 1964ರಲ್ಲಿ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಬೀಳಗಿ, ಬಾಗಲಕೋಟೆ, ಜಮಖಂಡಿ ಸೀಮೆಯ ಎಷ್ಟೋ ಹಳ್ಳಿಗಳ ಹೊಲ ಮನೆಗಳು ಹೋದವು. ಹಳೆಯ ಬಾಗಲಕೋಟೆಯ ಕೆಳಭಾಗ ಮುಳುಗಿ ಜನ ನವನಗರಕ್ಕೆ ಎದ್ದುಹೋದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿತು. 2010ರ ಡಿಸೆಂಬರಿನಲ್ಲಿ ಕೃಷ್ಣಾ ಎರಡನೆಯ ನ್ಯಾಯಾಧಿಕರಣ 524.256 ಮೀಟರಿನವರೆಗೆ ಹೋಗಬಹುದೆಂದಿತು. ಕಾಗದದ ಮೇಲೆ ಇದು ನಾಲ್ಕೂವರೆ ಮೀಟರಿನ ಲೆಕ್ಕ. ದಡದವರಿಗೆ ಅದು ಜಗಲಿ, ಕೊಟ್ಟಿಗೆ, ಬಾವಿ, ಬೇವಿನ ಮರ, ಅಜ್ಜ ಅಜ್ಜಿಯರ ಗೋರಿ. ಮನೆಗೆ ಪರಿಹಾರ ಸಿಗಬಹುದು. ಸಮಾಧಿಯನ್ನು, ಗೋರಿಯನ್ನು ಹೆಗಲ ಮೇಲೆ ಹೊತ್ತು ಹೊಸ ಊರಿಗೆ ಹೋಗಲಾಗುವುದಿಲ್ಲ.

ಈಗ ಎರಡೂ ಕತೆಗಳನ್ನು ಕೂಡಿಸಿ ನೋಡಿ. ಶ್ರಮಬಿಂದು ಸಾಗರವನ್ನು ಬೇಸಿಗೆಯಲ್ಲಿ ತುಂಬಿಸಲು ರೈತರು ಎತ್ತಿದ್ದು ಇದೇ ಆಲಮಟ್ಟಿಯ ಹಿನ್ನೀರನ್ನು. ಅಂದರೆ ಒಬ್ಬರ ಮುಳುಗಿದ ಹೊಲದ ಮೇಲೆ ನಿಂತ ನೀರು ಇನ್ನೊಬ್ಬರ ಕಬ್ಬಿಗೆ ಹರಿಯುತ್ತದೆ. ನೀರು ಎತ್ತುವವರ ಮೇಲೆ ಇದನ್ನು ಅಪರಾಧವಾಗಿ ಹೊರಿಸುವುದು ತಪ್ಪು. ಅವರು ಯಾರ ಹೊಲವನ್ನೂ ಮುಳುಗಿಸಲಿಲ್ಲ. ಇದ್ದ ನೀರನ್ನು ತಮ್ಮ ಖರ್ಚಿನಲ್ಲಿ ತಂದುಕೊಂಡರು. ಆದರೂ ಒಂದು ಸಾಲದ ನೆನಪು ಇಲ್ಲಿ ಇರಬೇಕಾಗುತ್ತದೆ. ಅತ್ಯಂತ ಸ್ವಚ್ಛವಾದ ಬೆವರಿನಿಂದ ಪಡೆದ ನೀರಿನಲ್ಲೂ ಕಾಣದ ಯಾರದೋ ಕಣ್ಣೀರು ಬೆರೆತಿರಬಹುದು ಎಂಬ ಅರಿವು ಮನುಷ್ಯನನ್ನು ಸಣ್ಣವನನ್ನಾಗಿಸುವುದಿಲ್ಲ, ವಿನಯವಂತನನ್ನಾಗಿಸುತ್ತದೆ. ಇದು ರೈತರಿಗಷ್ಟೇ ಸಲ್ಲುವ ಮಾತಲ್ಲ. ನಮ್ಮ ಚಹಾದ ಸಕ್ಕರೆಯಲ್ಲಿ, ಮನೆಯ ದೀಪದಲ್ಲಿ, ರಬಕವಿ ಬನಹಟ್ಟಿಯ ಮಗ್ಗಗಳನ್ನು ತಿರುಗಿಸುವ ಕರೆಂಟಿನಲ್ಲಿ, ಎಲ್ಲೆಲ್ಲೂ ಯಾವುದೋ ನದಿಯ ಪಾಲಿದೆ, ಆ ನದಿಗಾಗಿ ಎದ್ದುಹೋದವರ ಪಾಲಿದೆ.

ಹಾಗಿದ್ದರೆ ನೀರಿನ ದಡದಲ್ಲಿ ಹಾಯಾಗಿ ನಡೆಯುವುದೇ ತಪ್ಪೇ? ಹಾಗೆ ಹೇಳುವುದು ನಮ್ಮ ಉದ್ದೇಶವಲ್ಲ. ಸಂತೋಷವನ್ನೆಲ್ಲ ಅಪರಾಧವಾಗಿ ನೋಡುವ ನೀತಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡಿಲ್ಲ. ದಣಿದ ಮೈಗೆ ತಂಪು ಗಾಳಿ ಬೇಕು. ಹೊಲದಲ್ಲಿ ದುಡಿದವನಿಗೂ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವನಿಗೂ, ಒಲೆಯ ಮುಂದೆ ಬೆಂದವಳಿಗೂ ಸಂಜೆಯೊಂದು ಗಂಟೆ ನೀರಿನ ಬದಿಯಲ್ಲಿ ಕಾಲಾಡಿಸುವ ಸುಖ ಸಿಗಬೇಕು. ನಮಗೆ ಬೇಸರವಾಗುವುದು ಈ ಸುಖ ಬೆವರು ಕೊಟ್ಟವರಿಗೇ ದಕ್ಕದಿದ್ದಾಗ. ಉದ್ಯಾನ, ಕಾರಂಜಿ, ಟಿಕೆಟ್ಟಿನ ಕೌಂಟರುಗಳ ಪ್ರವಾಸಿ ತಾಣಗಳು ಬೆಳೆದಂತೆ ದಡಗಳಿಗೆ ತಂತಿ ಬೇಲಿ ಬರುತ್ತದೆ. ಎಮ್ಮೆ ತೊಳೆಯುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಬಲೆ ಬೀಸುತ್ತಿದ್ದ ಜನ ಬೇಲಿಯ ಆಚೆ ನಿಲ್ಲಬೇಕಾಗುತ್ತದೆ. ದೂರದಿಂದ ಕಾರಿನಲ್ಲಿ ಬಂದವರು ಸುತ್ತು ಹಾಕಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ದಡವನ್ನು ಎಲ್ಲರಿಗೂ ತೆರೆದಿಡುವುದೂ ನೀರು ಹಂಚುವಷ್ಟೇ ದೊಡ್ಡ ನ್ಯಾಯ.

ಆದ್ದರಿಂದ ನಡೆಯುವವರು ನಡೆಯಲಿ, ಆದರೆ ಮೂರು ವಿಷಯ ಕೇಳುತ್ತ ನಡೆಯಲಿ. ಈ ನೀರು ನಿಂತದ್ದು ಯಾರ ಬೆವರಿನಿಂದ? ಇದರಲ್ಲಿ ಪಾಲು ಸಿಕ್ಕದವರು ಯಾರು? ಇದಕ್ಕಾಗಿ ಊರು ಬಿಟ್ಟವರು ಯಾರು? ಉತ್ತರಕ್ಕೆ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ದಡದಲ್ಲಿ ಎಮ್ಮೆ ಕಾಯುವ ಮುದುಕರನ್ನು ‘ಯಜ್ಜಾ, ಇದನ್ನ ಕಟ್ಟುವಾಗ ನೀವೂ ಇದ್ರೇನ್ರಿ?’ ಎಂದು ಕೇಳಿದರೆ ಸಾಕು. ಅವರು ಹೇಳುವಷ್ಟು ಹೊತ್ತು ನಿಂತು ಕೇಳುವ ಪುರುಸೊತ್ತು ನಮಗಿರಬೇಕು. ಬೆವರಿಗೆ ಹೆಸರಿಟ್ಟ ಸಾಗರದಲ್ಲೂ ಬೆವರಿದವರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಬರೆದಿಲ್ಲ. 1989ರಲ್ಲಿ ಗಟ್ಟಿಮುಟ್ಟಾಗಿದ್ದವರು ಈಗ ಮುಪ್ಪಿನಲ್ಲಿದ್ದಾರೆ, ಹಲವರು ಮಣ್ಣಿಗೆ ಸೇರಿದ್ದಾರೆ. ಅವರ ಮೊಮ್ಮಕ್ಕಳಿಗೆ ಈ ನೀರು ನದಿಯಷ್ಟೇ ಸಹಜವಾಗಿ ಕಾಣುತ್ತಿರಬಹುದು. ಸಹಜವೆಂದು ಕಂಡದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ. ಜಮಖಂಡಿಯ ಶಾಲೆಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಈ ದಂಡೆಗೆ ಕರೆದುಕೊಂಡು ಬಂದು, ಕಲ್ಲು ಹೊತ್ತವರನ್ನೇ ಮುಂದೆ ಕೂರಿಸಿ ಕತೆ ಹೇಳಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಅದೇ ಮಕ್ಕಳನ್ನು ಇನ್ನೊಂದು ದಿನ ಹಿನ್ನೀರಿನ ಪುನರ್ವಸತಿ ಊರಿಗೂ ಕರೆದೊಯ್ಯಬೇಕು. ಎರಡೂ ದಡದ ಮಾತು ಕೇಳಿದ ಮಕ್ಕಳು ನಾಳೆ ಅಣೆಕಟ್ಟೆಯ ಎತ್ತರದ ಬಗ್ಗೆ, ಕಬ್ಬಿನ ಬಗ್ಗೆ, ನೀರಿನ ಪಾಲಿನ ಬಗ್ಗೆ ತೀರ್ಮಾನ ಮಾಡುವ ಜಾಗದಲ್ಲಿ ಕುಳಿತಾಗ, ನಾವು ಕೇಳಲು ಮರೆತ ಪ್ರಶ್ನೆಗಳನ್ನು ಅವರಾದರೂ ಕೇಳಬಹುದು.